ದಮ್ಮು ಎಳೆದರೆ ಟೆನ್ಷನ್ ಇಳಿದೀತೇ?

ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಕೂತು, ಟೆನ್ಷನ್‌ಗೆ ಮದ್ದೆಂದು ಗಾಂಜಾ ಸೇದುವ ಗೆಳೆಯರೇ, ಒಂದು ಮಾತು ಕೇಳಿ.

ನಿಮ್ಮಲ್ಲಿ ಕೆಲವರು ಶಾಗ್ಯ, ಹನೂರು, ಕೊಳ್ಳೇಗಾಲದ ಕಡೆಯಿಂದ ಕೆಲಸ ಹುಡುಕಿ ಬಂದವರು. ಆ ಸೀಮೆಯ ಕಾಡಂಚಿನ ಹೊಲಗಳಲ್ಲಿ ಬೆಳೆಯ ನಡುವೆ ಗಾಂಜಾ ಗಿಡ ಸಿಕ್ಕಿ ರೈತರ ಕೈಗೆ ಕೋಳ ಬಿದ್ದ ಸುದ್ದಿ ನಿಮಗೆ ಹೊಸದೇ? 1985ರ ಮಾದಕವಸ್ತು ಕಾಯ್ದೆಯಲ್ಲಿ ಗಿಡ ಬೆಳೆದವನಿಗೆ 10 ವರ್ಷದವರೆಗೆ ಜೈಲು. ಸೇದುವವನಿಗೂ ಶಿಕ್ಷೆಯುಂಟು. ನಿಮ್ಮ ಒಂದು ದಮ್ಮಿಗೆ ಹಳ್ಳಿಯ ಸಂಸಾರ ಬೀದಿಪಾಲು! ಲಾಭ ಯಾರಿಗೆ? ನಡುವಿನ ದಲ್ಲಾಳಿಗೆ!

"ಸೇದಿದರೆ ಮನಸ್ಸು ಹಗುರ" ಎನ್ನುತ್ತೀರಿ. ನಿಜ, ಒಂದೆರಡು ಗಂಟೆ. ಆದರೆ ಅದು ಮೀಟರ್ ಬಡ್ಡಿಯ ಸಾಲ. ಪ್ರಮಾಣ ಹೆಚ್ಚಿದರೆ ಎದೆ ಡವಗುಟ್ಟಿ ಭಯವೇ ಏರುತ್ತದೆ. ದಿನವೂ ಸೇದಿ ಒಮ್ಮೆ ಬಿಟ್ಟರೆ ನಿದ್ದೆಯಿಲ್ಲ, ಎಲ್ಲರ ಮೇಲೂ ಸಿಡುಕು. ಎಳೆಯ ವಯಸ್ಸಿನಲ್ಲೇ ಇದಕ್ಕೆ ಬಿದ್ದವರಿಗೆ ಚಿತ್ತಭ್ರಮೆಯ ಅಪಾಯ ಹೆಚ್ಚು ಎಂದು ವೈದ್ಯರು ಎಚ್ಚರಿಸುತ್ತಾರೆ. ಕೆಲಸವಿಲ್ಲದ ಸಂಕಟ, ಸಾಲದ ಸಂಬಳ, ಊರಿನ ನೆನಪು ಇವು ಯಾವುದೂ ಹೊಗೆಯಲ್ಲಿ ಕರಗುವುದಿಲ್ಲ.

ಹಾಗಾದರೆ ದಾರಿ? ಬಾಯಿಬಿಟ್ಟು ಹೇಳಿಕೊಳ್ಳಿ. ನಿಮ್ಮ ಊರಿನ ಕನ್ನಡದಲ್ಲೇ ಹೇಳಿಕೊಳ್ಳಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ಚಿಕಿತ್ಸೆಯಿದೆ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಅದೇ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ.

ಇಂದು ರಾತ್ರಿ ಎದೆ ಭಾರವಾದರೆ ಸೊಪ್ಪಿನ ಪೊಟ್ಟಣ ಬಿಡಿ, ಫೋನು ಹಿಡಿಯಿರಿ. ಪಕ್ಕದ ಗೆಳೆಯ ಸೇದುತ್ತಿದ್ದರೆ ಬೈಯಬೇಡಿ, ಕೂರಿಸಿ ಕೇಳಿ: "ಏನಾಯ್ತೋ?"