ವ್ಯಾಪಾರ ವಿದ್ಯೆಯೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರ ಮುಂದೆಯೂ ಪಾಲಕ ಮಹಾಶಯರ ಮುಂದೆಯೂ ಒಂದು ವಿಷಯವನ್ನು ವಿಚಾರಕ್ಕಾಗಿ ಇಡುವದು ಉಚಿತವೆಂದು ನಾವು ತಿಳಿದಿದ್ದೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಮನೆಗಳಲ್ಲಿ ಪಿ.ಯು. ಪರೀಕ್ಷೆಯಲ್ಲಿ ಉತ್ತೀರ್ಣಳಾದ ಮಗಳ ಮುಂದಿನ ಮಾತು ಬಂದಿತೆಂದರೆ, ಹೆಚ್ಚು ಅಂಕಗಳು ಬಂದಿದ್ದರೆ ವೈದ್ಯಕೀಯ, ಸಾಧಾರಣವಾಗಿದ್ದರೆ ಶಿಕ್ಷಕಿಯ ಕೆಲಸ, ಅದೂ ಆಗದಿದ್ದರೆ ಮದುವೆ ಎಂಬ ಕ್ರಮವು ಬಹುಕಾಲದಿಂದ ನಡೆದುಬಂದಿರುವದು. ಈಚೆಗೆ ಇದರಲ್ಲಿ ನಾಲ್ಕನೆಯ ಮಾತೊಂದು ಸೇರಿದೆ. ಬೆಂಗಳೂರಿನ ಕ್ರೈಸ್ತ ವಿಶ್ವವಿದ್ಯಾಲಯಕ್ಕೆ ಹೋಗಿ ಬಿ.ಬಿ.ಎ., ಅಂದರೆ ವ್ಯಾಪಾರದ ಆಡಳಿತವನ್ನು ಕಲಿಸುವ ಪದವಿಯನ್ನು, ಓದುವೆನೆಂದು ಹುಡುಗಿಯು ಕೇಳುವಳು. ತಂದೆಯು ಫೀಯ ಮೊತ್ತವನ್ನು ಕೇಳಿ ಸುಮ್ಮನಾಗುವನು. ತಾಯಿಯು ದೂರವನ್ನು ನೆನೆದು ಸುಮ್ಮನಾಗುವಳು. ಅಜ್ಜಿಯಾದರೋ, ‘ಅಂಗಡಿ ನಡಸಲಿಕ್ಕೆ ಹೆಣ್ಣಿಗೆ ಸಾಲಿ ಯಾಕವ್ವಾ?’ ಎಂದುಬಿಡುವಳು. ಈ ಮೂರು ಆಕ್ಷೇಪಗಳೂ ಅಲ್ಲಗಳೆಯತಕ್ಕವಲ್ಲ. ಆದರೆ ಬೇಡವೆನ್ನುವದಾದರೂ ಕಾರಣವನ್ನು ತೂಗಿ ಬೇಡವೆನ್ನಬೇಕು. ಹೂಂ ಎನ್ನುವದಾದರೂ ಲೆಕ್ಕವನ್ನು ನೋಡಿ ಹೂಂ ಎನ್ನಬೇಕು. ಇದೇ ನಮ್ಮ ಅಭಿಪ್ರಾಯವು.

ಅಜ್ಜಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ವ್ಯಾಪಾರವು ಹೆಣ್ಣಿನ ಕೆಲಸವಲ್ಲವೆಂಬದು ನಾವು ದಿನಾಲು ಕಾಣುವ ಸಂಗತಿಗೆ ವಿರುದ್ಧವಾಗಿದೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಲಿಕ ಸೂಚಕದ ಮಾನ್ಯತೆ ದೊರೆತದ್ದನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ತೋಟಗಳಲ್ಲಿ ಕಾಯಿ ಆರಿಸುವವರಲ್ಲಿ, ದೊಡ್ಡದು ಸಣ್ಣದೆಂದು ಬೇರ್ಪಡಿಸುವವರಲ್ಲಿ, ಚೀಲ ತುಂಬುವವರಲ್ಲಿ ಹೆಂಗಸರೆಷ್ಟು ಎಂಬದನ್ನು ಯಾರಾದರೂ ನೋಡಬಹುದು. ಜೋಳದ ರೊಟ್ಟಿಗಳನ್ನು ಬಡಿದು ಒಣಗಿಸಿ ಪೇಟೆಗೆ ಕಳಿಸುವವರೂ, ಸಂತೆಯಲ್ಲಿ ಕಾಯಿಪಲ್ಯೆಯ ಗುಂಪಿ ಹಾಕಿಕೊಂಡು ಕೂಡುವವರೂ, ಸ್ವಸಹಾಯ ಸಂಘದಲ್ಲಿ ವಾರವಾರಕ್ಕೆ ಹಣ ಕೂಡಿಸುವವರೂ ಅವರೇ. ದುಡಿಮೆಯು ಅವರದು, ಕೀರ್ದಿ ಖತಾವಣಿಗಳು ಮಾತ್ರ ಬೇರೆಯವರ ಕೈಯಲ್ಲಿ. ಅಡತಿ ಅಂಗಡಿಯ ಪಟ್ಟಿಯಲ್ಲಿ ಬರೆದುಬಂದದ್ದೇ ಲೆಕ್ಕವೆಂದು ನಂಬಿ ನಡೆಯುವ ಮನೆಗಳು ಎಷ್ಟೋ ಇವೆ.

ಒಂದು ಚೀಲ ನಿಂಬೆಯ ಲೆಕ್ಕವನ್ನೇ ನೋಡಿರಿ. ಮಾರಿ ಬಂದ ಹಣದಲ್ಲಿ ಚೀಲದ ಬೆಲೆ, ಗಾಡಿಯ ಬಾಡಿಗೆ, ಹಮಾಲಿ, ಅಡತಿ ಇವನ್ನು ಕಳೆದು ಉಳಿದದ್ದನ್ನು ನಾವು ಲಾಭವೆನ್ನುತ್ತೇವೆ. ಮನೆಯ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಮಾಡಿದ ಕೆಲಸದ ಕೂಲಿಯನ್ನು ಅದರಲ್ಲಿ ಹಿಡಿದಿರುವದಿಲ್ಲ. ಬೋರ್‌ವೆಲ್ಲಿಗೆ ಮಾಡಿದ ಸಾಲದ ಬಡ್ಡಿಯನ್ನು ಹಿಡಿದಿರುವದಿಲ್ಲ. ಗಿಡಗಳು ಫಲಕ್ಕೆ ಬರುವವರೆಗೆ ಕಾದ ವರುಷಗಳ ಖರ್ಚನ್ನಂತೂ ಮರೆತೇಬಿಟ್ಟಿರುತ್ತೇವೆ. ಇವನ್ನೆಲ್ಲ ಹಿಡಿದು ನೋಡಿದರೆ ಲಾಭವೆಂದುಕೊಂಡದ್ದು ಯಾವದೋ ಒಂದು ವರುಷ ನಷ್ಟವಾಗಿಯೂ ತೋರಬಹುದು. ವೆಚ್ಚವನ್ನು ಹೀಗೆ ಬಿಡಿಸಿ ನೋಡುವದು, ಬೆಲೆಯು ಏರಿಳಿಯುವದರ ಕಾರಣ ತಿಳಿಯುವದು, ಸಾಲದ ಷರತ್ತುಗಳನ್ನು ಓದಿ ಅರ್ಥಮಾಡಿಕೊಳ್ಳುವದು, ಕರಾರಿನ ಕಾಯದೆಯನ್ನರಿಯುವದು, ಹತ್ತು ಜನರಿಂದ ಕೆಲಸ ತೆಗೆದುಕೊಳ್ಳುವ ರೀತಿಯನ್ನು ಕಲಿಯುವದು, ಇವೇ ಬಿ.ಬಿ.ಎ. ತರಗತಿಯ ಮುಖ್ಯ ಪಾಠಗಳು. ಇಂಥ ವಿದ್ಯೆಯು ನಮ್ಮ ಹೆಣ್ಣುಮಕ್ಕಳಿಗೆ ಬೇಡವೆಂದರೆ ಮತ್ತಾರಿಗೆ ಬೇಕು?

ಲೆಕ್ಕವೂ ಧರ್ಮವೂ ಒಂದೇ ಮನೆಯಲ್ಲಿ ಇರಲಾರವೆಂಬ ಶಂಕೆಗೂ ಆಧಾರವಿಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಜಮೆ ಖರ್ಚುಗಳನ್ನು ಎರಡು ಕಡೆಗೂ ಬರೆಯುವ ಪದ್ಧತಿಯ ಪೂರ್ಣ ವಿವರಣೆಯನ್ನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚು ಹಾಕಿಸಿದ ಲೂಕಾ ಪಾಚೋಲಿಯು ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿಯು. ಬಾಸೆಲ್ ಮಿಶನ್ನಿನ ವ್ಯಾಪಾರ ಕಂಪನಿಯು ಹುಟ್ಟಿದ್ದು 1859ರಲ್ಲಿ. ಮಂಗಳೂರಿನ ಹಂಚಿನ ಕಾರಖಾನೆಯು 1865ರಲ್ಲಿ. ನಮ್ಮ ವಿಜಯಪುರದಲ್ಲಿಯೇ ವಚನಗಳ ಓಲೆಗರಿಗಳನ್ನು ಹುಡುಕಿ ಅಚ್ಚಿಗೆ ತಂದ ಫ. ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟಿದರು. ಹಣವನ್ನು ಪ್ರಾಮಾಣಿಕವಾಗಿ ಎಣಿಸುವದು ಹೀನವಾದ ಕೆಲಸವೆಂದು ಇವರಾರೂ ತಿಳಿದಿರಲಿಲ್ಲ.

ಇನ್ನು ಆ ವಿಶ್ವವಿದ್ಯಾಲಯಗಳ ವಿಷಯ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕ್ರೈಸ್ಟ್ ವಿಶ್ವವಿದ್ಯಾಲಯವು 1969ರಲ್ಲಿ ಕಾಲೇಜಾಗಿ ಆರಂಭವಾಗಿ, 2008ರಲ್ಲಿ ವಿಶ್ವವಿದ್ಯಾಲಯವೆಂದು ಪರಿಗಣಿತವಾಯಿತು. ಅದನ್ನು ನಡಿಸುವವರು ಕೇರಳದ ಮಾನ್ನಾನದಲ್ಲಿ 1831ರಲ್ಲಿ ಹುಟ್ಟಿದ ಸಿ.ಎಂ.ಐ. ಸಭೆಯವರು. ಪ್ರತಿಯೊಂದು ಇಗರ್ಜಿಯ ಮಗ್ಗುಲಿಗೆ ಒಂದು ಶಾಲೆಯಿರಬೇಕೆಂದು ಸಾರಿದ ಸಂತ ಕುರಿಯಾಕೋಸ್ ಎಲಿಯಾಸ್ ಚಾವರ ಇವರು ಆ ಸಭೆಯ ಸ್ಥಾಪಕರಲ್ಲೊಬ್ಬರು. 1882ರಲ್ಲಿ ಸ್ಥಾಪಿತವಾಗಿ 1937ರಿಂದ ಯೇಸುಸಭೆಯವರ ಕೈಯಲ್ಲಿರುವ ಸೇಂಟ್ ಜೋಸೆಫ್ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಗಿ ಉದ್ಘಾಟನೆಯಾಯಿತು. 1880ರ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿಗೆ 2024ರಲ್ಲಿ ಅಂಥ ಪದವಿಯೇ ದೊರೆಯಿತು. ಇಲ್ಲೆಲ್ಲ ಎಲ್ಲ ಮತದ ಮಕ್ಕಳೂ ಕೂಡಿ ಓದುವರು. ಮಿಶನ್ ಶಾಲೆಯಲ್ಲಿ ಹತ್ತು ವರುಷ ಮಕ್ಕಳನ್ನು ಬಿಟ್ಟ ಪಾಲಕರಿಗೆ ಇದನ್ನು ಬಿಚ್ಚಿ ಹೇಳುವ ಕಾರಣವಿಲ್ಲ.

ಆದರೆ ಹೆಸರು ದೊಡ್ಡದೆಂಬ ಒಂದೇ ಕಾರಣಕ್ಕಾಗಿ ಮಗಳನ್ನು ಕಳಿಸುವದು ಸರಿಯಲ್ಲ. ಕ್ರೈಸ್ಟ್ ವಿಶ್ವವಿದ್ಯಾಲಯವು ತನ್ನದೇ ಪ್ರವೇಶ ಪರೀಕ್ಷೆಯನ್ನೂ ಸಂದರ್ಶನವನ್ನೂ ನಡಿಸುವದು. ಹಾಜರಿಯ ವಿಷಯದಲ್ಲಿ ಅದರ ಕಟ್ಟುನಿಟ್ಟು ಪ್ರಸಿದ್ಧವಾದದ್ದು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿಯೇ ಓದಿ ಮೊದಲ ವರ್ಗದಲ್ಲಿ ಬಂದ ಹುಡುಗಿಯು ಮೊದಲ ಆರು ತಿಂಗಳು ಬಾಯಿ ತೆರೆಯಲಾರದೆ ಕೂಡುವಳು. ಅವಳ ಬುದ್ಧಿಗೆ ಕುಂದಿಲ್ಲ. ಮಾತಿನ ರೂಢಿ ಮಾತ್ರ ಸಾಲದು. ಇದನ್ನು ಮೊದಲೇ ತಿಳಿದು, ಪಿ.ಯು. ಓದುವ ಎರಡು ವರುಷಗಳಲ್ಲಿಯೇ ಇಂಗ್ಲಿಷ್ ವೃತ್ತಪತ್ರವೊಂದನ್ನು ದಿನಾಲು ಗಟ್ಟಿಯಾಗಿ ಓದಿಸತಕ್ಕದ್ದು.

ಫೀಯು ವರುಷಕ್ಕೆ ಲಕ್ಷಗಳ ಲೆಕ್ಕದಲ್ಲಿದೆ. ಅದರ ಮೇಲೆ ವಸತಿಗೃಹ, ಊಟ, ಪ್ರಯಾಣ ಇವುಗಳ ಖರ್ಚು. ಪದವಿಗೆ ಮೂರು ವರುಷಗಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಆನರ್ಸ್ ಬೇಕಾದರೆ ನಾಲ್ಕು. ಆದ್ದರಿಂದ ಒಂದು ವರುಷದ ಫೀಯನ್ನು ನೋಡಿ ಹೊರಡಬಾರದು. ಕೊನೆಯ ವರುಷದ ವರೆಗಿನ ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆಯಬೇಕು. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚನ್ನೆಣಿಸಬೇಕೆಂಬ ಸುವಾರ್ತೆಯ ದೃಷ್ಟಾಂತವು ಇಲ್ಲಿ ಅಕ್ಷರಶಃ ಹೊಂದುವದು. ಇದಕ್ಕಾಗಿ ಹೊಲ ಮಾರುವದನ್ನೂ, ಖಾಸಗಿ ಸಾಹುಕಾರರ ಬಡ್ಡಿಗೆ ಬೀಳುವದನ್ನೂ ನಾವು ಎಂದಿಗೂ ಒಪ್ಪಲಾರೆವು. ಕೇಂದ್ರ ಸರಕಾರವು 2024ರ ನವೆಂಬರದಲ್ಲಿ ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರಿದವರಿಗೆ ಆಸ್ತಿಯ ಅಡವಾಗಲಿ ಜಾಮೀನುದಾರರಾಗಲಿ ಇಲ್ಲದೆ ಬ್ಯಾಂಕಿನ ಸಾಲ ದೊರೆಯುವದು, 7.5 ಲಕ್ಷ ರೂಪಾಯಿಯ ವರೆಗಿನ ಸಾಲದಲ್ಲಿ ನೂರಕ್ಕೆ 75ರಷ್ಟಕ್ಕೆ ಸರಕಾರವೇ ಹೊಣೆ ನಿಲ್ಲುವದು. ಬಿ.ಬಿ.ಎ. ಶಿಕ್ಷಣವು 2024-25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಮಾನ್ಯತೆಯ ಕಕ್ಷೆಗೆ ಬಂದಿತು; ಆ ಪರಿಷತ್ತು ಈ ಪದವಿಯನ್ನೋದುವ ಹೆಣ್ಣುಮಕ್ಕಳಿಗಾಗಿ ವರುಷಕ್ಕೆ 25,000 ರೂಪಾಯಿಗಳ ಸರಸ್ವತಿ ವಿದ್ಯಾರ್ಥಿವೇತನವನ್ನು ಸಾರಿತು. ಸೇರುವ ಸಂಸ್ಥೆಗೆ ಯಾವ ಯಾವ ಸಹಾಯ ಅನ್ವಯಿಸುವದೆಂಬದನ್ನು ಪ್ರವೇಶಕ್ಕೆ ಮೊದಲೇ ಬರೆಹದಲ್ಲಿ ಕೇಳಿ ತಿಳಿಯಬೇಕು. ಹಾಗೆ ಕೇಳಲು ನಾಚುವ ಕಾರಣವಿಲ್ಲ. ಮಗಳ ಮದುವೆಗೆ ಸಾಲ ಮಾಡಲು ಹಿಂಜರಿಯದ ಮನೆಯು ವಿದ್ಯೆಯ ಸಾಲಕ್ಕೆ ಮಾತ್ರ ಬೆದರುವದು ವಿಚಿತ್ರವಾದದ್ದು.

ಕೂಡಿಸಿ ಕಳೆದು ನೋಡಿದ ಮೇಲೆ ಲೆಕ್ಕ ಹೊಂದದಿದ್ದರೆ? ಆಗ ವಿದ್ಯೆಯನ್ನೇ ಬಿಡತಕ್ಕದ್ದಲ್ಲ. ವಿಜಯಪುರದಲ್ಲಿಯೇ ಬಿ.ಎಲ್.ಡಿ.ಇ. ಸಂಸ್ಥೆಯ ಎ. ಎಸ್. ಪಾಟೀಲ ವಾಣಿಜ್ಯ ಮಹಾವಿದ್ಯಾಲಯವಿದೆ. 2003ರಲ್ಲಿ ಸ್ಥಾಪನೆಯಾದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಇಲ್ಲಿ ಬಿ.ಕಾಂ. ಮಾಡಿದ ಹುಡುಗಿಗೂ ಬ್ಯಾಂಕು, ಲೆಕ್ಕಪರಿಶೋಧನೆ, ಸ್ವಂತ ಉದ್ಯೋಗ ಎಲ್ಲದರ ದಾರಿ ತೆರೆದೇ ಇದೆ. ಜಮೆ ಖರ್ಚು ಎಲ್ಲಿ ಕಲಿತರೂ ಒಂದೇ. ಬೆಂಗಳೂರಿನಲ್ಲಿ ಹೆಚ್ಚಾಗಿ ದೊರೆಯುವದು ನಾನಾ ಪ್ರಾಂತಗಳ ಸಹಪಾಠಿಗಳ ಸಂಗ, ಕಂಪನಿಗಳಲ್ಲಿ ಕೆಲದಿನ ಕೆಲಸ ಕಲಿಯುವ ಅವಕಾಶ, ಇಂಗ್ಲಿಷಿನ ರೂಢಿ. ಇವು ಬೆಲೆಯುಳ್ಳವೇ, ಆದರೆ ಮನೆ ಮುರಿದುಕೊಳ್ಳುವಷ್ಟು ಬೆಲೆಯವಲ್ಲ.

ತಾಯಂದಿರ ಆಕ್ಷೇಪವು ಉಳಿಯಿತು. ದಾರಿಯ ಅಂಜಿಕೆಯು ಮೊದಲಿನಷ್ಟಿಲ್ಲ. ಸೊಲ್ಲಾಪುರದಿಂದ ಗದಗಿನ ಕಡೆಗೆ ಹೋಗುವ ರೈಲು ದಾರಿಯಲ್ಲಿ ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ಸ್ಟೇಶನ್ನುಗಳಿವೆ. ಸಿಂದಗಿ, ಮುದ್ದೇಬಿಹಾಳದವರಿಗೆ ಬಸ್ಸುಗಳಿವೆ. ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ತಾಯಿಯ ನಿಜವಾದ ಅಂಜಿಕೆಯು ಬೇರೆ: ಹೋದ ಮಗಳು ತಿರುಗಿ ಬಾರಳೆಂಬದು. ಇದನ್ನು ನಾವು ಮುಚ್ಚಿಡಲಾರೆವು. ಹಲವರು ಅಲ್ಲಿಯೇ ನೌಕರಿ ಹಿಡಿದು ನಿಲ್ಲುವರು. ಆದರೆ ಇದಕ್ಕೆ ಉತ್ತರವು ಮಗಳನ್ನು ಕಟ್ಟಿಹಾಕುವದರಲ್ಲಿಲ್ಲ, ತಿರುಗಿ ಬಂದವಳಿಗೆ ಕೆಲಸವನ್ನೊಪ್ಪಿಸುವದರಲ್ಲಿದೆ. ಪದವಿ ಪಡೆದು ಬಂದವಳಿಗೆ ಮನೆಯ ಹೊಲದ ಲೆಕ್ಕವನ್ನು ಯಾರಾದರೂ ತೋರಿಸುವರೋ? ಅಣ್ಣತಮ್ಮಂದಿರ ಅಂಗಡಿಯ ಕೀರ್ದಿಯು ಅವಳ ಕೈಗೆ ಬರುವದೋ? ಸಹಕಾರಿ ಸಂಘದ ಆಡಳಿತ ಮಂಡಲಿಯಲ್ಲಿ ಅವಳ ಮಾತಿಗೆ ಬೆಲೆಯಿರುವದೋ? ಇಲ್ಲವೆಂದಾದರೆ, ತಿರುಗಿ ಬಾರದಿರುವದು ಅವಳ ತಪ್ಪಲ್ಲ.

ಪೂರ್ವ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬೇಡಿಕೆ. ಬೆಂಗಳೂರಿನಲ್ಲಿ ನೆಲೆಸಿದವರು ಹೊಸದಾಗಿ ಹೋಗುವ ಹುಡುಗಿಯರನ್ನು ಮೊದಲ ತಿಂಗಳಲ್ಲಿ ಒಂದು ರವಿವಾರವಾದರೂ ಊಟಕ್ಕೆ ಕರೆಯಲಿ. ಊರಿನಲ್ಲಿದ್ದವರು ಅರ್ಜಿಯ ಕಾಗದಗಳನ್ನು ಓದಿ ಹೇಳಲಿ. ಅನುಕೂಲವಿದ್ದವರು ಒಬ್ಬಳ ಒಂದು ಅವಧಿಯ ಪುಸ್ತಕದ ಖರ್ಚನ್ನು ವಹಿಸಲಿ. ಕ್ರೈಸ್ತ ವಿಶ್ವವಿದ್ಯಾಲಯಗಳ ಚಾಲಕರಲ್ಲಿಯೂ ವಿನಂತಿಯಿದೆ: ಕನ್ನಡ ಶಾಲೆಗಳಿಂದ ಬರುವ ಬಡ ಹುಡುಗಿಯರಿಗಾಗಿ ಫೀಯ ರಿಯಾಯತಿಯನ್ನೂ ಇಂಗ್ಲಿಷಿನ ವಿಶೇಷ ಪಾಠವನ್ನೂ ಹೆಚ್ಚಿಸಬೇಕು. ಇಗರ್ಜಿಯ ಮಗ್ಗುಲಿಗೆ ಶಾಲೆ ಕಟ್ಟಿದವರ ಉದ್ದೇಶವು ಕೈಯಲ್ಲಿ ಹಣವಿಲ್ಲದವರಿಗೂ ವಿದ್ಯೆ ಮುಟ್ಟಬೇಕೆಂಬದಾಗಿತ್ತು.

ಪಾಲಕರೇ, ಈ ಬೇಸಿಗೆಯಲ್ಲಿ ನಿಮ್ಮ ಮಗಳು ಬಿ.ಬಿ.ಎ. ಮಾತನ್ನೆತ್ತಿದರೆ ಕೂಡಲೆ ಹೌದೆನ್ನಬೇಡಿರಿ, ಅಲ್ಲವೆನ್ನಲೂಬೇಡಿರಿ. ಒಂದು ಹಾಳೆಯನ್ನೂ ಲೇಖಣಿಯನ್ನೂ ಅವಳ ಕೈಗೇ ಕೊಟ್ಟು, ಮನೆಯ ಉತ್ಪನ್ನ, ಸಾಲ, ಫೀ, ಮುಂದಿನ ಗಳಿಕೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ‘ನೀನೇ ಲೆಕ್ಕ ಹಾಕಿ ತೋರಿಸು, ತಾಯಿ’ ಎನ್ನಿರಿ. ಅವಳು ಹಾಕುವ ಆ ಮೊದಲನೆಯ ಲೆಕ್ಕವು ಅವಳ ಯೋಗ್ಯತೆಯನ್ನು ಯಾವ ಪ್ರವೇಶ ಪರೀಕ್ಷೆಗಿಂತಲೂ ಸ್ಪಷ್ಟವಾಗಿ ನಿಮಗೆ ತಿಳಿಸುವದು.