ಊರು ಹತ್ತಿರ, ದಾರಿ ದೂರ

ಮುಂಬಯಿಯ ಕನ್ನಡ ಸಂಘಗಳಲ್ಲಿ ಕಲಬುರಗಿಯವರೂ ಶಿವಮೊಗ್ಗದವರೂ ಒಂದೇ ವೇದಿಕೆಯಲ್ಲಿ ಕೂರುತ್ತಾರೆ. ಮಕ್ಕಳ ಮದುವೆಯಿಂದ ಬೀಗರೂ ಆಗುತ್ತಾರೆ. ಆದರೆ ತವರುನಾಡಿನಲ್ಲಿ ಈ ಎರಡು ಊರುಗಳ ನಡುವೆ ಓಡಾಡುವುದೆಂದರೆ ಇಂದಿಗೂ ಒಂದು ರಾತ್ರಿಯ ಪ್ರಯಾಣ. ಎರಡೂ ಕಡೆ ವಿಮಾನ ನಿಲ್ದಾಣವಿಲ್ಲವೆಂದಲ್ಲ. ಕಲಬುರಗಿಯ ನಿಲ್ದಾಣ 2019ರ ನವೆಂಬರ್‌ನಲ್ಲಿ, ಶಿವಮೊಗ್ಗದ ಸೋಗಾನೆಯಲ್ಲಿರುವ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿವೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಆಕಾಶಮಾರ್ಗದಲ್ಲಿ ಈ ಎರಡು ನಿಲ್ದಾಣಗಳ ಅಂತರ ಸುಮಾರು 410 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದ ಎಟಿಆರ್ ವಿಮಾನಕ್ಕೆ ಏರುವ, ಇಳಿಯುವ ಹೊತ್ತೂ ಸೇರಿ ಒಂದೂಕಾಲು ಗಂಟೆ ಸಾಕು. ಬೆಂಗಳೂರಿನ ಮೂಲಕ ಸುತ್ತಿದರೆ ಮೊದಲು 240, ಆಮೇಲೆ 460, ಹೀಗೆ ಒಟ್ಟು 700 ಕಿ.ಮೀ. ಹಾರಬೇಕು. ನಡುವೆ ಕಾಯುವ ಹೊತ್ತು ಸೇರಿದರೆ ಅರ್ಧ ದಿನ ಕಳೆಯುತ್ತದೆ. ಎರಡು ವಿಮಾನಗಳ ವೇಳೆ ಹೊಂದದಿದ್ದರೆ ಇಡೀ ದಿನವೇ ಹೋಯಿತು. ಹೆತ್ತವರ ಅಂತಿಮ ದರ್ಶನಕ್ಕೆ ಧಾವಿಸುವವರಿಗೆ ಈ ಲೆಕ್ಕ ಬರೀ ಅಂಕಿಯಲ್ಲ.

ಸುತ್ತುದಾರಿಯ ಕಷ್ಟವನ್ನು ಮುಂಬಯಿ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡುವವರೆಗೆ ಕರಾವಳಿಯವರು ಊರಿಗೆ ಹೋಗಲು ಪಟ್ಟ ಪಾಡನ್ನು ಹಿರಿಯರು ಇನ್ನೂ ಮರೆತಿಲ್ಲ. ನೇರ ದಾರಿಯೊಂದು ತೆರೆದರೆ ಊರು ಎಷ್ಟು ಹತ್ತಿರವಾಗುತ್ತದೆ ಎಂಬುದನ್ನೂ ಅವರು ಕಂಡಿದ್ದಾರೆ.

ಸಣ್ಣ ಊರುಗಳಿಗೆ ವಿಮಾನ ತರಲೆಂದೇ ಕೇಂದ್ರವು ಉಡಾನ್ ಯೋಜನೆ ರೂಪಿಸಿತು. ಅದರ ಮೊದಲ ವಿಮಾನ 2017ರ ಏಪ್ರಿಲ್‌ನಲ್ಲಿ ಹಾರಿತು. ನಷ್ಟ ತುಂಬುವ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಮಹಾಲೇಖಪಾಲರ 2023ರ ವರದಿಯ ಪ್ರಕಾರ, ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ನೆರವು ನಿಂತ ಮೇಲೂ 2023ರ ಮಾರ್ಚ್‌ವರೆಗೆ ಉಳಿದದ್ದು ಬರೀ 54. ನಮ್ಮ ಬೀದರ್‌ನ ಕಥೆಯೂ ಬೇರೆಯಲ್ಲ. 2020ರಲ್ಲಿ ಶುರುವಾದ ಹಾರಾಟ 2023ರ ಕೊನೆಗೆ ನಿಂತು, 2025ರ ಏಪ್ರಿಲ್‌ನಲ್ಲಷ್ಟೇ ಮರಳಿತು.

ಪ್ರಯಾಣಿಕರಿಲ್ಲದೆ ವಿಮಾನ ಹಾರಿಸಲಾಗದು ಎಂಬ ಸಂಸ್ಥೆಗಳ ಮಾತಿನಲ್ಲಿ ಸತ್ಯವಿದೆ. ಆದರೆ ನಂಬಿಕೆಯ ವೇಳಾಪಟ್ಟಿಯಿಲ್ಲದೆ ಪ್ರಯಾಣಿಕರೂ ಹುಟ್ಟುವುದಿಲ್ಲ. 70 ಆಸನ ತುಂಬದ ಕಡೆ 19 ಆಸನದ ವಿಮಾನ ಸಾಕು. ವಾರಕ್ಕೆ ಮೂರೇ ದಿನವಾದರೂ ಸರಿ, ತಪ್ಪದೆ ಹಾರಬೇಕು. ಕೇಂದ್ರದ ನೆರವು ಮುಗಿದಲ್ಲಿ ರಾಜ್ಯವೇ ಇನ್ನೂ ಕೆಲವು ವರ್ಷ ಕೈಹಿಡಿಯಬೇಕು.

ಸಂಘಗಳ ವಾರ್ಷಿಕೋತ್ಸವಕ್ಕೆ ತವರಿನಿಂದ ಮಂತ್ರಿಗಳು, ಶಾಸಕರು ಬರುತ್ತಾರೆ. ಶಾಲು ಹೊದಿಸಿ, ಹಾರ ಹಾಕುವುದರ ಜೊತೆಗೆ ಒಂದು ಮನವಿಯನ್ನೂ ಅವರ ಕೈಗೆ ಕೊಡಬೇಕು. ರನ್‌ವೇ ಆಯಿತು, ಇನ್ನು ಊರಿಂದ ಊರಿಗೆ ನೇರ ವಿಮಾನ ಕೊಡಿ ಎಂದು ಹೊರನಾಡ ಕನ್ನಡಿಗರು ಒಕ್ಕೊರಲಿನಿಂದ ಕೇಳುವ ಕಾಲ ಬಂದಿದೆ.