ಅಂಕಿಯೂ ಅಂಕಿತನಾಮವೇ?

ಕಾರುಗಳ ಹೆಸರಿನಲ್ಲಿರುವ ಅಂಕಿಗಳನ್ನು ಕೇವಲ ಸಂಖ್ಯಾವಾಚಕಗಳೆಂದು ಬದಿಗಿರಿಸುವುದು ಸರಿಯಲ್ಲ. ಅವು ಅಂಕಿತನಾಮಗಳೆಂಬುದು ನನ್ನ ಅಭಿಪ್ರಾಯ. 1983ರಲ್ಲಿ ಬಂದ ಮಾರುತಿ 800ರ ಎಂಜಿನ್ನಿನ ಗಾತ್ರ 796 ಘನ ಸೆಂಟಿಮೀಟರ್. ಹೆಸರು ಬಹುಮಟ್ಟಿಗೆ ಅನ್ವರ್ಥವೇ ಆಗಿದ್ದರೂ ಜನರ ಬಾಯಲ್ಲಿ ಅದು ಬರಿಯ ‘ಏಟ್ ಹಂಡ್ರೆಡ್’. ಗಾತ್ರದ ನೆನಪು ಯಾರಿಗಿತ್ತು? ಬಿಎಂಡಬ್ಲ್ಯು 318ರಲ್ಲಿ 3 ಎಂಬುದು ಶ್ರೇಣಿಯನ್ನೂ 18 ಎಂಬುದು ಮೂಲತಃ 1.8 ಲೀಟರಿನ ಎಂಜಿನ್ನನ್ನೂ ಸೂಚಿಸುತ್ತಿದ್ದವು. 2015ರಲ್ಲಿ ಅದೇ ಹೆಸರಿನ ಕಾರಿಗೆ 1.5 ಲೀಟರಿನ ಎಂಜಿನ್ ಬಂದಿತು. ಅನ್ವರ್ಥವು ಅಳಿದು ಅಂಕಿತವು ಉಳಿಯಿತು. ವೈಯಾಕರಣರ ವರ್ಗೀಕರಣವನ್ನು ಕಾಲದೊಡನೆ ಚಲಿಸುವಂಥದೆಂದು ಓದಬೇಕಾದ ಅಗತ್ಯವಿರುವುದು ಇಲ್ಲಿಯೇ. ಪೋರ್ಷೆಯ ಪ್ರಸಂಗವಂತೂ ಇನ್ನೂ ಸ್ವಾರಸ್ಯಕರ. ನಡುವೆ ಸೊನ್ನೆಯುಳ್ಳ ಮೂರಂಕಿಯ ಹೆಸರುಗಳು ಫ್ರಾನ್ಸಿನಲ್ಲಿ ತನ್ನವೆಂದು ಪ್ಯೂಜೊ ಆಕ್ಷೇಪಿಸಿದ್ದರಿಂದ 1964ರಲ್ಲಿ 901 ಎಂಬುದು 911 ಆಯಿತು. ಒಂದು ಸೊನ್ನೆಗಾಗಿ ನಡೆದ ಈ ವ್ಯಾಜ್ಯವನ್ನು ಸಂಖ್ಯಾವಾಚಕದ ಲಕ್ಷಣವು ವಿವರಿಸಲಾರದು.